ಆಣೆ ಮಾಡಿಸಿಕೊಂಡವರಿಗೆ ನಿಮ್ಮ ಮತ ಕಾಣುವುದಿಲ್ಲ

ಮತದಾನದ ಬಗ್ಗೆ ಬಂದ ಪತ್ರಗಳಿಗೆ ಈ ಸಂಚಿಕೆಯ ಅಂಕಣವನ್ನು ಮೀಸಲಿಟ್ಟಿದ್ದೇನೆ. ಸರ್ಕಾರಿ ಪ್ರೌಢಶಾಲೆಯ ಮೇಷ್ಟ್ರಾಗಿದ್ದಷ್ಟು ಕಾಲವೂ ಚುನಾವಣಾ ಕರ್ತವ್ಯ ನನ್ನ ಪಾಲಿಗೆ ಬರುತ್ತಲೇ ಇತ್ತು. ಮತಪೆಟ್ಟಿಗೆಯ ಕಾಲದಲ್ಲಿ ಬೆರಳಿಗೆ ಶಾಯಿ ಹಚ್ಚುವವನಾಗಿ ಸೇರಿದೆ, ಮತಯಂತ್ರ ಬಂದ ಮೇಲೆ ಮತಗಟ್ಟೆಯ ಅಧ್ಯಕ್ಷಾಧಿಕಾರಿಯಾಗಿ ಕೂತೆ. ಈ ಸಲದ ಪತ್ರಗಳಲ್ಲಿ ಅನೇಕವು ಒಂದೇ ಭಯವನ್ನು ಬೇರೆ ಬೇರೆ ಮಾತಿನಲ್ಲಿ ತೋಡಿಕೊಂಡಿವೆ. ಅದನ್ನು ಮುಚ್ಚುಮರೆಯಿಲ್ಲದೆ ಬರೆದ ತಾಯಿಯ ಪತ್ರವನ್ನೇ ಮೊದಲು ತೆಗೆದುಕೊಳ್ಳುತ್ತೇನೆ.

ಪ್ರಶ್ನೆ: ಮೇಷ್ಟ್ರೇ, ಕಳೆದ ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿಯ ಕಡೆಯವರು ರಾತ್ರಿ ನಮ್ಮ ಬೀದಿಗೆ ಬಂದು ಓಟಿಗೆ ಇಷ್ಟು ಎಂದು ಹಣ ಕೊಟ್ಟರು. ದೇವರ ಫೋಟೊ ಮುಂದಿಟ್ಟು, ಹಾಲಿನ ಲೋಟದ ಮೇಲೆ ಕೈ ಇಡಿಸಿ ಆಣೆ ಮಾಡಿಸಿಕೊಂಡರು. ‘ಯಾರು ಯಾರಿಗೆ ಹಾಕಿದರು ಎನ್ನುವುದು ಮಿಷನ್ನಿನಲ್ಲಿ ನಮಗೆ ಗೊತ್ತಾಗುತ್ತದೆ’ ಎಂದರು. ನಾನು ನನ್ನ ಮನಸ್ಸಿಗೆ ಒಪ್ಪಿದವರಿಗೇ ಹಾಕಿದೆ. ಅಂದಿನಿಂದ ಮನೆಯಲ್ಲಿ ಮಕ್ಕಳಿಗೆ ಜ್ವರ ಬಂದರೂ ಆ ಆಣೆ ನೆನಪಾಗುತ್ತದೆ. ನಾನು ಮಾಡಿದ್ದು ತಪ್ಪೇ? ಅವರಿಗೆ ನಿಜವಾಗಿ ಗೊತ್ತಾಗಿರುತ್ತದೆಯೇ?
— ಹೆಸರು ಬೇಡ ಎಂದಿರುವ ಓದುಗಿ, ತುಮಕೂರು ಜಿಲ್ಲೆ

ಉತ್ತರ: ತಾಯಿ, ನೀವು ಮತ ಹಾಕಿದ್ದರಲ್ಲಿ ಯಾವ ತಪ್ಪೂ ಇಲ್ಲ. ಅದು ಯಾರಿಗೆ ಹೋಯಿತು ಎಂಬುದು ಅವರಿಗೆ ಗೊತ್ತಾಗಿಲ್ಲ, ಗೊತ್ತಾಗುವ ದಾರಿಯೂ ಇಲ್ಲ. ಅಷ್ಟು ಧೈರ್ಯವಾಗಿ ಏಕೆ ಹೇಳುತ್ತಿದ್ದೇನೆ ಎಂಬುದು ತಿಳಿಯಬೇಕಾದರೆ ಮತಗಟ್ಟೆಯ ಒಳಗೆ ನಡೆಯುವುದನ್ನು ನೋಡಬೇಕು.

ಮೊದಲ ಅಧಿಕಾರಿ ನಿಮ್ಮ ಹೆಸರನ್ನೂ ಕ್ರಮಸಂಖ್ಯೆಯನ್ನೂ ಅಲ್ಲಿ ಕೂತ ಅಭ್ಯರ್ಥಿಗಳ ಏಜೆಂಟರಿಗೆ ಕೇಳಿಸುವಂತೆ ಗಟ್ಟಿಯಾಗಿ ಓದುತ್ತಾರೆ. ಎರಡನೆಯವರು ಎಡಗೈಯ ತೋರುಬೆರಳಿಗೆ ಶಾಯಿ ಹಚ್ಚಿ, 17ಎ ಎಂಬ ರಿಜಿಸ್ಟರಿನಲ್ಲಿ ಸಹಿ ಇಲ್ಲವೇ ಹೆಬ್ಬೆಟ್ಟು ಹಾಕಿಸಿಕೊಂಡು ಚೀಟಿ ಕೊಡುತ್ತಾರೆ. ಮೂರನೆಯವರು ಆ ಚೀಟಿ ಪಡೆದು, ಬೆರಳು ನೋಡಿ, ತಮ್ಮ ಮುಂದಿನ ಕಂಟ್ರೋಲ್ ಯೂನಿಟ್ಟಿನಲ್ಲಿ ‘ಬ್ಯಾಲೆಟ್’ ಗುಂಡಿ ಒತ್ತುತ್ತಾರೆ. ಅವರ ಕೆಲಸ ಅಲ್ಲಿಗೆ ಮುಗಿಯಿತು. ರಟ್ಟಿನ ಮರೆಯ ಹಿಂದೆ ನೀವು ನೀಲಿ ಗುಂಡಿ ಒತ್ತಿದಾಗ ಪಕ್ಕದಲ್ಲಿ ಕೆಂಪು ದೀಪ ಉರಿಯುತ್ತದೆ, ಮತದ ಚೀಟಿ ಮುದ್ರಿಸುವ ವಿವಿ ಪ್ಯಾಟ್ ಯಂತ್ರದ ಗಾಜಿನೊಳಗೆ ಚೀಟಿ 7 ಸೆಕೆಂಡು ಕಂಡು ಒಳಗೆ ಬೀಳುತ್ತದೆ, ಬೀಪ್ ಶಬ್ದ ಬರುತ್ತದೆ. ಹೊರಗೆ ಕೂತ ನಮಗೆಲ್ಲ ತಿಳಿಯುವುದು ಆ ಶಬ್ದ ಮಾತ್ರ. ನಿಮ್ಮ ಹೆಸರು ಇರುವುದು ಕಾಗದದ ರಿಜಿಸ್ಟರಿನಲ್ಲಿ, ಮತ ಇರುವುದು ಯಂತ್ರದಲ್ಲಿ. ಯಂತ್ರಕ್ಕೆ ನಿಮ್ಮ ಹೆಸರಾಗಲಿ ರಿಜಿಸ್ಟರಿನ ಸಂಖ್ಯೆಯಾಗಲಿ ಯಾರೂ ತುಂಬುವುದಿಲ್ಲ. ಆ ಚೀಟಿಯಲ್ಲಿ ಇರುವುದೂ ಅಭ್ಯರ್ಥಿಯ ಕ್ರಮಸಂಖ್ಯೆ, ಹೆಸರು, ಚಿಹ್ನೆ, ನಿಮ್ಮದೇನೂ ಇಲ್ಲ.

ಆದರೆ ಆ ಜನ ಇಷ್ಟು ಖಚಿತವಾಗಿ ಮಾತನಾಡುವುದಕ್ಕೆ ಒಂದು ಕಾರಣವಿದೆ. ಅದನ್ನು ನಿಮ್ಮಿಂದ ಮುಚ್ಚಿಡುವುದು ಸರಿಯಲ್ಲ. ಮತ ಎಣಿಕೆ ಮತಗಟ್ಟೆವಾರು ನಡೆಯುತ್ತದೆ. ಯಾವ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಬಿತ್ತು ಎಂಬ ಲೆಕ್ಕ ನಮೂನೆ 20ರಲ್ಲಿ ದಾಖಲಾಗಿ ಎಲ್ಲರಿಗೂ ಸಿಗುತ್ತದೆ. ನಿಮ್ಮ ಕೇರಿಯವರೆಲ್ಲ ಒಂದೇ ಮತಗಟ್ಟೆಗೆ ಹೋಗುವವರಾದರೆ ‘ಈ ಕೇರಿ ನಮಗೆ ಹಾಕಲಿಲ್ಲ’ ಎಂದು ಅವರು ಹೇಳಬಲ್ಲರು. ನಿಮ್ಮ ಮನೆ ಹಾಕಿತೋ ಇಲ್ಲವೋ ಹೇಳಲಾರರು. ಗೊತ್ತಿರುವ ಮೊದಲನೆಯದನ್ನು ತೋರಿಸಿ ಗೊತ್ತಿಲ್ಲದ ಎರಡನೆಯದನ್ನು ನಂಬಿಸುವುದೇ ಅವರ ಕಸುಬು.

ಮತಪತ್ರದ ಕಾಲದಲ್ಲಿ ಬೇರೆ ಬೇರೆ ಮತಗಟ್ಟೆಗಳ ಪತ್ರಗಳನ್ನು ಬೆರೆಸಿ ಎಣಿಸಲು ನಿಯಮದಲ್ಲಿ ಅವಕಾಶ ಮಾಡಿದ್ದರು. ಯಂತ್ರ ಬಂದ ಮೇಲೆ ಅದು ಹೋಯಿತು. 14 ಮತಯಂತ್ರಗಳವರೆಗೆ ಒಟ್ಟಿಗೆ ಜೋಡಿಸಿ, ಒಟ್ಟು ಮೊತ್ತವನ್ನಷ್ಟೇ ತೋರಿಸುವ ‘ಟೋಟಲೈಸರ್’ ಎಂಬ ಸಾಧನವನ್ನು ಬಳಸಲು ಅನುಮತಿ ಕೊಡಿ ಎಂದು ಚುನಾವಣಾ ಆಯೋಗ 2008ರಲ್ಲೇ ಕೇಂದ್ರ ಸರ್ಕಾರವನ್ನು ಕೇಳಿತು. ಕಾನೂನು ಆಯೋಗವೂ 2015ರ ತನ್ನ 255ನೇ ವರದಿಯಲ್ಲಿ ಇದನ್ನು ಬೆಂಬಲಿಸಿತು. ಸರ್ಕಾರ ಒಪ್ಪಲಿಲ್ಲ. ಎಲ್ಲಿ ಮತ ಕಡಿಮೆ ಬಿತ್ತು ಎಂದು ತಿಳಿದರೆ ಪಕ್ಷಗಳು ಅಲ್ಲಿ ಹೆಚ್ಚು ಕೆಲಸ ಮಾಡಬಹುದು ಎಂಬುದು ಅದಕ್ಕೆ ಕೊಟ್ಟ ಸಮರ್ಥನೆ. ನನಗೆ ಇದು ಕಿಂಚಿತ್ತೂ ಒಪ್ಪಿಗೆಯಿಲ್ಲ. ಮತ ಬೀಳದ ಕೇರಿಗೆ ಮುಂದಿನ ಐದು ವರ್ಷ ನೀರಿನ ಪೈಪ್ ಬರುವುದಿಲ್ಲ ಎಂಬ ಅಂಜಿಕೆಯಲ್ಲಿ ಬದುಕುವ ಜನರನ್ನು ನಾನು ಬಲ್ಲೆ. ಟೋಟಲೈಸರ್ ಬರಲೇಬೇಕು. ನಿಮ್ಮ ಕ್ಷೇತ್ರದ ಸಂಸದರು ಯಾವ ಪಕ್ಷದವರೇ ಆಗಿರಲಿ, ಊರಿಗೆ ಬಂದಾಗ ಈ ಪ್ರಶ್ನೆಯನ್ನು ಕೇಳಿ.

ಇನ್ನು ಆಣೆಯ ಮಾತು. ಈ ಹಾಲಿನ ಲೋಟದ ಉಪಾಯ ಕಾನೂನು ಬರೆದವರಿಗೆ ಹೊಸದಾಗಿರಲಿಲ್ಲ. 1920ರಲ್ಲಿ ದಂಡ ಸಂಹಿತೆಗೆ ಚುನಾವಣಾ ಅಪರಾಧಗಳ ಅಧ್ಯಾಯ ಸೇರಿಸಿದಾಗಲೇ, ಮತದಾರರು ದೈವಕೋಪಕ್ಕೆ ಗುರಿಯಾಗುತ್ತಾರೆ ಎಂದು ನಂಬಿಸಲು ಯತ್ನಿಸುವುದು ಅಪರಾಧ ಎಂದು ಬರೆದರು. ಇಂದಿನ ಭಾರತೀಯ ನ್ಯಾಯ ಸಂಹಿತೆಯ 171ನೇ ಕಲಮಿನಲ್ಲಿ ಆ ಮಾತು ಹಾಗೆಯೇ ಉಳಿದಿದೆ. ಜನಪ್ರತಿನಿಧಿ ಕಾಯ್ದೆಯ 123ನೇ ಕಲಮಿನ ಪ್ರಕಾರ ಅದು ಭ್ರಷ್ಟ ಆಚರಣೆ. ಅಭ್ಯರ್ಥಿಯೋ ಅವನ ಏಜೆಂಟನೋ ಮಾಡಿದ್ದೆಂದು ನ್ಯಾಯಾಲಯದಲ್ಲಿ ಸಾಬೀತಾದರೆ ಗೆದ್ದವನ ಆಯ್ಕೆಯೇ ರದ್ದಾಗುತ್ತದೆ. ಅಪರಾಧ ಮಾಡಿಸಿದವರು ಹಾಯಾಗಿ ನಿದ್ದೆ ಮಾಡುತ್ತಿದ್ದಾರೆ, ನೀವು ಮಗುವಿನ ಜ್ವರಕ್ಕೆ ನಿಮ್ಮನ್ನೇ ದೂರಿಕೊಳ್ಳುತ್ತಿದ್ದೀರಿ. ಬೇಡ ತಾಯಿ. ಬೆದರಿಸಿ ಪಡೆದ ಮಾತಿಗೆ ಯಾವ ದೇವರೂ ಸಾಕ್ಷಿ ನಿಲ್ಲುವುದಿಲ್ಲ ಎಂಬುದು ದೇವರನ್ನು ನಂಬುವ ನನ್ನ ದೃಢವಾದ ನಂಬಿಕೆ. ಮಗುವನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಒಂದು ಕಹಿ ಮಾತನ್ನೂ ಹೇಳಬೇಕು. ಹಣ ಕೊಡುವುದು ಹೇಗೋ ಮತಕ್ಕಾಗಿ ಹಣ ಪಡೆಯುವುದೂ ಹಾಗೆಯೇ ಅಪರಾಧ. ಒಂದು ವರ್ಷದವರೆಗೆ ಸೆರೆವಾಸ ಅಥವಾ ದಂಡ, ಇಲ್ಲವೇ ಎರಡೂ ಆಗಬಹುದು. ಮುಂದಿನ ಸಲ ಬಾಗಿಲಲ್ಲೇ ಬೇಡವೆನ್ನಿ. ಬೇಡವೆನ್ನಲು ಹೆದರಿಕೆಯಾಗುವ ಪರಿಸ್ಥಿತಿ ಇದ್ದರೆ, ನೀತಿ ಸಂಹಿತೆ ಜಾರಿಯಲ್ಲಿರುವಾಗ ಮೊಬೈಲಿನ ಸಿ-ವಿಜಿಲ್ ಆ್ಯಪ್‌ನಲ್ಲಿ ಹೆಸರು ಹೇಳದೆಯೂ ಫೋಟೊ ಅಥವಾ ವಿಡಿಯೊ ಕಳುಹಿಸಬಹುದು. 1950 ಸಂಖ್ಯೆಗೆ ಕರೆ ಮಾಡಿಯೂ ತಿಳಿಸಬಹುದು.

ಪ್ರಶ್ನೆ: ನೋಟಾಕ್ಕೆ ಎಲ್ಲರಿಗಿಂತ ಹೆಚ್ಚು ಮತ ಬಿದ್ದರೆ ಮರುಚುನಾವಣೆ ನಡೆಯುತ್ತದೆಯೇ? ಇಲ್ಲವಾದರೆ ಆ ಗುಂಡಿ ಏಕಿದೆ?
— ಕಾಲೇಜು ವಿದ್ಯಾರ್ಥಿ, ಬೆಂಗಳೂರು

ಉತ್ತರ: ಲೋಕಸಭೆ, ವಿಧಾನಸಭೆ ಚುನಾವಣೆಗಳಲ್ಲಿ ನಡೆಯುವುದಿಲ್ಲ. ಅಭ್ಯರ್ಥಿಗಳ ಪೈಕಿ ಯಾರಿಗೆ ಹೆಚ್ಚು ಬಿದ್ದಿದೆಯೋ ಅವರು ಗೆದ್ದಂತೆ. 2024ರಲ್ಲಿ ಇಂದೋರ್ ಲೋಕಸಭಾ ಕ್ಷೇತ್ರದಲ್ಲಿ ನೋಟಾಕ್ಕೆ 2 ಲಕ್ಷ 18 ಸಾವಿರಕ್ಕೂ ಹೆಚ್ಚು ಮತ ಬಿತ್ತು, ಫಲಿತಾಂಶ ಬದಲಾಗಲಿಲ್ಲ.

ಗುಂಡಿ ಏಕೆ ಎಂದರೆ, ಮೇಲಿನ ಪತ್ರದ ತಾಯಿಯ ಕಾರಣಕ್ಕೇ. 2013ಕ್ಕೆ ಮುಂಚೆ ಯಾರಿಗೂ ಮತ ಹಾಕಲು ಇಷ್ಟವಿಲ್ಲದವರು 49ಓ ನಿಯಮದಡಿ ಅಧ್ಯಕ್ಷಾಧಿಕಾರಿಗೆ ಹಾಗೆಂದು ಹೇಳಿ, 17ಎ ರಿಜಿಸ್ಟರಿನಲ್ಲಿ ಬರೆಸಿ, ಸಹಿ ಹಾಕಬೇಕಿತ್ತು. ಎದುರಿಗೆ ಎಲ್ಲ ಪಕ್ಷಗಳ ಏಜೆಂಟರೂ ಕೂತಿರುತ್ತಿದ್ದರು. ಹಳ್ಳಿಯ ಕೂಲಿಕಾರನೊಬ್ಬ ಗೌಡರ ಮಗ ಏಜೆಂಟನಾಗಿ ಕೂತ ಕೋಣೆಯಲ್ಲಿ ‘ನನಗೆ ಯಾರೂ ಬೇಡ’ ಎಂದು ಬಾಯಿಬಿಟ್ಟು ಹೇಳಲು ಸಾಧ್ಯವಿತ್ತೇ? ಮತ ಹಾಕುವವನಿಗೆ ಇರುವ ಗೋಪ್ಯತೆ ಹಾಕದವನಿಗೂ ಇರಬೇಕೆಂದು 2013ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ನೋಟಾ ಬಂದದ್ದು ಹೀಗೆ. ಅದರಿಂದ ಗೆಲುವು ಸೋಲು ಬದಲಾಗದಿದ್ದರೂ, ತಿರಸ್ಕರಿಸುವ ಹಕ್ಕು ಮರೆಯ ಹಿಂದಕ್ಕೆ ಹೋಯಿತಲ್ಲ, ನನಗೆ ಅದು ದೊಡ್ಡ ವಿಷಯ.

ಪ್ರಶ್ನೆ: ನನ್ನ ತಾಯಿಗೆ 78 ವರ್ಷ, ಕಣ್ಣು ಮಂಜು. ಕಳೆದ ಸಲ ಮತಗಟ್ಟೆಗೆ ಕರೆದುಕೊಂಡು ಹೋದಾಗ ಪಕ್ಷವೊಂದರ ಕಾರ್ಯಕರ್ತ ‘ನೀವು ಇಲ್ಲೇ ಇರಿ, ಅಜ್ಜಿಗೆ ನಾನು ಒತ್ತಿಸುತ್ತೇನೆ’ ಎಂದು ಕೈ ಹಿಡಿದು ಒಳಗೆ ಕರೆದೊಯ್ದ. ಬೆಳಿಗ್ಗೆಯಿಂದ ಅನೇಕ ಅಜ್ಜ ಅಜ್ಜಿಯರನ್ನು ಅವನೇ ಕರೆದೊಯ್ಯುತ್ತಿದ್ದನಂತೆ. ಇದಕ್ಕೆ ಅವಕಾಶವಿದೆಯೇ?
— ಓದುಗ, ಹಾವೇರಿ ಜಿಲ್ಲೆ

ಉತ್ತರ: ಖಂಡಿತ ಇಲ್ಲ. ನಿಮ್ಮ ಪತ್ರ ಓದಿ ನನಗೆ ಬಹಳ ಸಿಟ್ಟು ಬಂತು. ಒಳಗಿದ್ದ ಅಧಿಕಾರಿಗಳು ಅದನ್ನು ತಡೆಯಲೇಬೇಕಿತ್ತು.

ನಿಯಮ 49ಎನ್ ಹೇಳುವುದು ಇಷ್ಟು. ಕಣ್ಣು ಕಾಣದೆ ಅಥವಾ ದೈಹಿಕ ಅಶಕ್ತತೆಯಿಂದ ಚಿಹ್ನೆ ಗುರುತಿಸಲಾಗದ, ಗುಂಡಿ ಒತ್ತಲಾಗದ ಮತದಾರರು ಸಹಾಯಕ್ಕೆ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಬಹುದು. ಆ ಸಹಾಯಕರಿಗೆ 18 ವರ್ಷ ತುಂಬಿರಬೇಕು. ಒಂದು ದಿನಕ್ಕೆ ಒಬ್ಬ ಮತದಾರರಿಗೆ ಮಾತ್ರ ಅವರು ಸಹಾಯಕರಾಗಬಹುದು. ಬೇರೆ ಯಾವ ಮತಗಟ್ಟೆಯಲ್ಲೂ ಯಾರಿಗೂ ಆಗಿಲ್ಲ, ಮತದ ಗುಟ್ಟು ಕಾಪಾಡುತ್ತೇನೆ ಎಂದು ಬರೆದುಕೊಡಬೇಕು. ಅವರ ಹೆಸರು ನಮೂನೆ 14ಎ ಪಟ್ಟಿಯಲ್ಲಿ ಸೇರುತ್ತದೆ. ಯಾರು ಜೊತೆಗೆ ಬರಬೇಕೆಂದು ಆರಿಸುವವರು ನಿಮ್ಮ ತಾಯಿ, ಬಾಗಿಲಲ್ಲಿ ನಿಂತ ಕಾರ್ಯಕರ್ತನಲ್ಲ. ಮತಗಟ್ಟೆಯಿಂದ 100 ಮೀಟರ್ ಒಳಗೆ ಅವನು ಮತಯಾಚನೆ ಮಾಡುವುದೇ ಅಪರಾಧ.

ಅಮ್ಮನಿಗೆ ಚಿಹ್ನೆ ಅಲ್ಪಸ್ವಲ್ಪ ಕಾಣುವುದಾದರೆ ಅವರೊಬ್ಬರನ್ನೇ ಮರೆಯ ಹಿಂದೆ ಬಿಡಿ, ಅವಸರ ಮಾಡಬೇಡಿ. ಬ್ರೈಲ್ ಬಲ್ಲವರಿಗೆ ಗುಂಡಿಗಳ ಪಕ್ಕದಲ್ಲಿ ಬ್ರೈಲ್ ಸಂಖ್ಯೆಗಳಿರುತ್ತವೆ. 85 ವರ್ಷ ದಾಟಿದವರಿಗೂ ಶೇ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯದ ಪ್ರಮಾಣಪತ್ರ ಇರುವವರಿಗೂ ಮನೆಯಿಂದಲೇ ಮತ ಹಾಕುವ ಸೌಲಭ್ಯವಿದೆ. ಅಧಿಸೂಚನೆ ಹೊರಟ ಐದು ದಿನಗಳೊಳಗೆ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಬಳಿ ನಮೂನೆ 12ಡಿ ತುಂಬಿಕೊಡಬೇಕು. ಒಮ್ಮೆ ಅದು ಮಂಜೂರಾದರೆ ಮತಗಟ್ಟೆಗೆ ಬಂದು ಹಾಕಲಾಗದು. ಮನೆಯಲ್ಲಿ ಹಾಕುವಾಗಲೂ ಮಗ, ಸೊಸೆ, ಮೊಮ್ಮಕ್ಕಳು ಹಿಂದೆ ನಿಂತು ಇಣುಕಬಾರದು. ಮಕ್ಕಳಿಂದಲೂ ಗುಟ್ಟಾಗಿಡುವ ಹಕ್ಕು ತಾಯಿಗೆ ಇದೆ.

ಪ್ರಶ್ನೆ: ಸಂಜೆ ಮತಗಟ್ಟೆಗೆ ಹೋದರೆ ನನ್ನ ಹೆಸರಿನಲ್ಲಿ ಆಗಲೇ ಯಾರೋ ಮತ ಹಾಕಿಬಿಟ್ಟಿದ್ದರು. ‘ಏನೂ ಮಾಡಲಾಗದು’ ಎಂದು ಕಳುಹಿಸಿದರು. ನಿಜವಾಗಿ ಏನೂ ಮಾಡಲಾಗದೆ?
— ಗಾರ್ಮೆಂಟ್ಸ್ ಕಾರ್ಖಾನೆಯ ಉದ್ಯೋಗಿ, ರಾಮನಗರ

ಉತ್ತರ: ಮಾಡಬಹುದಿತ್ತು. ನಿಮ್ಮನ್ನು ವಾಪಸು ಕಳುಹಿಸಿದ್ದು ತಪ್ಪು.

ಇಂಥ ಸಂದರ್ಭಕ್ಕೆಂದೇ ನಿಯಮ 49ಪಿ ಇದೆ. ‘ಟೆಂಡರ್ ಮತ ಕೊಡಿ’ ಎಂದು ಅಧ್ಯಕ್ಷಾಧಿಕಾರಿಯನ್ನು ಕೇಳಬೇಕು. ಅವರು ನಿಮ್ಮ ಗುರುತಿನ ಬಗ್ಗೆ ಪ್ರಶ್ನೆ ಕೇಳಿ, ಉತ್ತರ ಸಮಾಧಾನ ತಂದರೆ 17ಬಿ ಪಟ್ಟಿಯಲ್ಲಿ ಸಹಿ ಪಡೆದು ಕಾಗದದ ಮತಪತ್ರ ಕೊಡುತ್ತಾರೆ. ಯಂತ್ರದಲ್ಲಿ ಒತ್ತಿಸುವುದಿಲ್ಲ. ಬಾಣದ ತುದಿಗಳಿರುವ ಕತ್ತರಿ ಗುರುತಿನ ರಬ್ಬರ್ ಮೊಹರು ಹಳೆಯ ಮತದಾರರಿಗೆ ನೆನಪಿರಬಹುದು. ಆ ಮೊಹರನ್ನು ಈಗಲೂ ಪ್ರತಿ ಮತಗಟ್ಟೆಗೆ ಕೊಟ್ಟು ಕಳುಹಿಸುವುದು ಇದಕ್ಕಾಗಿಯೇ. ಮರೆಯ ಹಿಂದೆ ಹೋಗಿ ನಿಮ್ಮ ಅಭ್ಯರ್ಥಿಯ ಮುಂದೆ ಮೊಹರು ಒತ್ತಿ, ಮಡಿಸಿ ಕೊಟ್ಟರೆ ಅಧಿಕಾರಿ ಅದನ್ನು ಪ್ರತ್ಯೇಕ ಲಕೋಟೆಯಲ್ಲಿ ಇಡುತ್ತಾರೆ. ಎಣಿಕೆಯ ದಿನ ಆ ಲಕೋಟೆಯನ್ನು ಒಡೆಯುವುದಿಲ್ಲ. ಆದರೆ ಗೆಲುವಿನ ಅಂತರ ತೀರ ಸಣ್ಣದಾಗಿ ಚುನಾವಣಾ ತಕರಾರು ಅರ್ಜಿ ಹೈಕೋರ್ಟಿಗೆ ಹೋದಾಗ ಅದನ್ನು ತೆರೆಸುವ ಅಧಿಕಾರ ನ್ಯಾಯಾಲಯಕ್ಕಿದೆ. ಅಂತರ ಸಣ್ಣದಾಗುವುದು ಅಪರೂಪವೇನಲ್ಲ: 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಧ್ರುವನಾರಾಯಣ ಅವರು 40,752 ಮತ ಪಡೆದು ಗೆದ್ದರು, ಎ.ಆರ್. ಕೃಷ್ಣಮೂರ್ತಿ 40,751 ಪಡೆದು ಸೋತರು. 2023ರಲ್ಲಿ ಜಯನಗರದ ಫಲಿತಾಂಶ ಮರುಎಣಿಕೆಯಾಗಿ ತಡರಾತ್ರಿ ಹೊರಬಿದ್ದಾಗ ಅಂತರ 16.

ಪ್ರಶ್ನೆ: ಮದುವೆಯಾಗಿ ಗಂಡನ ಊರಿಗೆ ಬಂದಿದ್ದೇನೆ. ಹೊಸದಾಗಿ ಹೆಸರು ಸೇರಿಸಬೇಕೆ?
— ಓದುಗಿ, ಶಿರಸಿ

ಉತ್ತರ: ಬೇಡ. ಹೊಸಬರಿಗೆ ನಮೂನೆ 6, ವಿಳಾಸ ಬದಲಾದವರಿಗೆ ನಮೂನೆ 8. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ದಾಟಿದ ಮೇಲೆ ಪಟ್ಟಿಗೆ ಯಾರ ಹೆಸರೂ ಸೇರುವುದಿಲ್ಲವಾದ್ದರಿಂದ ಈಗಲೇ ಕೊಡಿ. ಗುರುತಿನ ಚೀಟಿ ಕೈಯಲ್ಲಿದ್ದರೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮತವಿಲ್ಲ. ಅರ್ಜಿಯಲ್ಲಿ ನಿಮ್ಮ ಹೆಸರಿನ ಕಾಗುಣಿತವನ್ನು ನೀವೇ ನೋಡಿ, ಮನೆಯವರಿಗೆ ಬಿಡಬೇಡಿ. 1951-52ರ ಮೊದಲ ಮಹಾಚುನಾವಣೆಯ ಪಟ್ಟಿ ತಯಾರಾದಾಗ ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿ ತಮ್ಮ ಹೆಸರು ಹೇಳದೆ ಉಳಿದ ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗುಳಿಯಬೇಕಾಯಿತು.

ಪ್ರಶ್ನೆ: ವಿಧಾನಸಭೆ ಅಭ್ಯರ್ಥಿಯ ಖರ್ಚಿನ ಮಿತಿ 40 ಲಕ್ಷ ಎನ್ನುತ್ತಾರೆ. ನಮ್ಮೂರಿನ ಬ್ಯಾನರುಗಳಿಗೇ ಅಷ್ಟು ಆಗಿರಬೇಕು. ಈ ಮಿತಿಗೆ ಅರ್ಥವಿದೆಯೇ?
— ವ್ಯಾಪಾರಿ, ಹುಬ್ಬಳ್ಳಿ

ಉತ್ತರ: ಮಿತಿ ಇರುವುದು ಅಭ್ಯರ್ಥಿಗೆ, ಪಕ್ಷಕ್ಕೆ ಇಲ್ಲ. ತಾರಾ ಪ್ರಚಾರಕರ ಹೆಲಿಕಾಪ್ಟರ್ ಖರ್ಚು ಅಭ್ಯರ್ಥಿಯ ಲೆಕ್ಕಕ್ಕೆ ಬರುವುದಿಲ್ಲ. ಈ ಕಿಂಡಿ ಮುಚ್ಚುವವರೆಗೆ ಮಿತಿ ಅರ್ಧ ಮಾತ್ರ ಕೆಲಸ ಮಾಡುತ್ತದೆ. ಆದರೂ ನಿಮ್ಮ ಕೈಯಲ್ಲಿ ಒಂದು ಆಯುಧವಿದೆ. ಫಲಿತಾಂಶ ಬಂದ 30 ದಿನಗಳಲ್ಲಿ ಪ್ರತಿ ಅಭ್ಯರ್ಥಿಯೂ ಲೆಕ್ಕಪತ್ರವನ್ನು ಜಿಲ್ಲಾ ಚುನಾವಣಾಧಿಕಾರಿಗೆ ಒಪ್ಪಿಸಬೇಕು. ಒಂದು ರೂಪಾಯಿ ಶುಲ್ಕ ಕಟ್ಟಿದ ಯಾರು ಬೇಕಾದರೂ ಅದನ್ನು ಪರಿಶೀಲಿಸಬಹುದು. ಬ್ಯಾನರ್ ಒಂದಕ್ಕೆ ಎಷ್ಟು, ಶಾಮಿಯಾನಕ್ಕೆ ಎಷ್ಟು, ಊಟದ ಎಲೆಗೆ ಎಷ್ಟು ಎಂಬುದು ವ್ಯಾಪಾರಿಯಾದ ನಿಮಗೆ ಗೊತ್ತಿರುವಷ್ಟು ಯಾವ ಅಧಿಕಾರಿಗೂ ಗೊತ್ತಿರುವುದಿಲ್ಲ. ಹೋಗಿ ನೋಡಿ.

ಪ್ರಶ್ನೆ: ಮುಂದಿನ ವಿಧಾನಸಭೆ ಚುನಾವಣೆಯಲ್ಲಿ ನನ್ನನ್ನು ಮತಗಟ್ಟೆ ಏಜೆಂಟನಾಗಿ ಕೂರಲು ಕೇಳುತ್ತಿದ್ದಾರೆ. ಇದು ಸುಮ್ಮನೆ ಕೂತು ಊಟ ಮಾಡಿ ಬರುವ ಕೆಲಸ ಎಂದು ಗೆಳೆಯರು ಹೇಳುತ್ತಾರೆ. ಏನು ಮಾಡಬೇಕು?
— 23 ವರ್ಷದ ಯುವಕ, ಹಾಸನ ಜಿಲ್ಲೆ

ಉತ್ತರ: ಒಪ್ಪಿಕೊಳ್ಳಿ, ಗೆಳೆಯರ ಮಾತು ಕೇಳಬೇಡಿ. ಯಂತ್ರವನ್ನು ನಂಬಬಹುದೇ ಎಂದು ಟೀವಿಯಲ್ಲಿ ವರ್ಷವಿಡೀ ಜಗಳವಾಡುವ ಪಕ್ಷಗಳು, ಅದನ್ನು ಕಣ್ಣಾರೆ ಪರೀಕ್ಷಿಸುವ ಕುರ್ಚಿಯಲ್ಲಿ ನಿದ್ದೆಗೆಟ್ಟ ಹುಡುಗರನ್ನು ತಂದು ಕೂರಿಸುವುದನ್ನು ನೋಡಿ ನೋಡಿ ನನಗೆ ಸಂಕಟವಾಗುತ್ತಿತ್ತು. ಬೆಳಿಗ್ಗೆ ಐದೂವರೆಗೆ ಅಣಕು ಮತದಾನಕ್ಕೆ ಏಜೆಂಟರು ಬಾರದೆ, ಬಾಗಿಲ ಕಡೆ ನೋಡುತ್ತ ನಿಯಮದ 15 ನಿಮಿಷ ಕಾದು, ಕೊನೆಗೆ ನಾವೇ ಶುರು ಮಾಡಿದ್ದೂ ಉಂಟು.

ಅಭ್ಯರ್ಥಿ ಅಥವಾ ಅವರ ಚುನಾವಣಾ ಏಜೆಂಟ್ ಸಹಿ ಮಾಡಿದ ನಮೂನೆ 10 ತೆಗೆದುಕೊಂಡು, ಮತದಾನ ಶುರುವಾಗುವುದಕ್ಕೆ 90 ನಿಮಿಷ ಮೊದಲು ಅಲ್ಲಿರಿ. ಅಣಕು ಮತದಾನದಲ್ಲಿ ಕನಿಷ್ಠ 50 ಮತ ಹಾಕಬೇಕು, ನೋಟಾ ಸೇರಿ ಪ್ರತಿ ಗುಂಡಿಯನ್ನೂ ಒತ್ತಬೇಕು. ನೀವೇ ಒತ್ತಿ, ಯಾವುದಕ್ಕೆ ಎಷ್ಟು ಎಂದು ಕಾಗದದಲ್ಲಿ ಗುರುತು ಹಾಕಿಕೊಳ್ಳಿ. ಯಂತ್ರ ತೋರಿಸುವ ಲೆಕ್ಕ, ವಿವಿ ಪ್ಯಾಟ್ ಚೀಟಿಗಳು, ನಿಮ್ಮ ಕಾಗದ, ಈ ಮೂರೂ ಒಂದೇ ಆಗಿರಬೇಕು. ಆಮೇಲೆ ‘ಕ್ಲಿಯರ್’ ಒತ್ತಿ ಎಲ್ಲರ ಮುಂದೆ ಸೊನ್ನೆ ತೋರಿಸುತ್ತಾರೆ. ವಿವಿ ಪ್ಯಾಟ್ ಪೆಟ್ಟಿಗೆಯಲ್ಲಿ ಒಂದು ಚೀಟಿಯೂ ಉಳಿದಿಲ್ಲ ಎಂಬುದನ್ನು ಬಗ್ಗಿ ನೋಡಿ. ಅಣಕು ಚೀಟಿಗಳು ಕಪ್ಪು ಲಕೋಟೆಗೆ ಹೋಗಬೇಕು. ಕಂಟ್ರೋಲ್ ಯೂನಿಟ್ಟಿಗೆ ಹಾಕುವ ಹಸಿರು ಕಾಗದದ ಮೊಹರಿನ ಮೇಲೆ ನೀವೂ ಸಹಿ ಮಾಡಬಹುದು. ಅದರ ಸಂಖ್ಯೆ ಬರೆದುಕೊಳ್ಳಿ.

ದಿನವಿಡೀ ಹೆಸರು ಓದುವಾಗ ಕಿವಿ ತೆರೆದಿರಲಿ. ಬೇರೊಬ್ಬರ ಹೆಸರಿನಲ್ಲಿ ಬಂದವರೆಂದು ಖಾತ್ರಿಯಿದ್ದರೆ ಎರಡು ರೂಪಾಯಿ ಠೇವಣಿ ಕಟ್ಟಿ ಆಕ್ಷೇಪಿಸಬಹುದು. ಅಧ್ಯಕ್ಷಾಧಿಕಾರಿ ಅಲ್ಲೇ ವಿಚಾರಣೆ ಮಾಡಬೇಕು. ರಾಮನಗರದ ಆ ಉದ್ಯೋಗಿಯ ಮತ ಕಳವಾದಾಗ ಅಲ್ಲಿದ್ದ ಯಾವ ಏಜೆಂಟನೂ ಬಾಯಿ ತೆರೆದಿಲ್ಲ. ಸಂಜೆ ವೇಳೆ ಮುಗಿದಾಗ ಸಾಲಿನಲ್ಲಿರುವವರಿಗೆ ಚೀಟಿ ಹಂಚುವುದು ಬಾಲದ ಕಡೆಯಿಂದ, ಕೊನೆಯಲ್ಲಿ ನಿಂತವರಿಗೆ ಒಂದನೇ ಸಂಖ್ಯೆ. ಮುಂದಿನಿಂದ ಹಂಚುತ್ತಿದ್ದರೆ ಹೇಳಿ, ಹಂಚುತ್ತಿರುವಾಗಲೇ ಹಿಂದೆ ಜನ ಸೇರಿಕೊಳ್ಳಲು ಅದು ದಾರಿ.

ಕೊನೆಯ ಮತ ಬಿದ್ದ ಮೇಲೆ ಅಧ್ಯಕ್ಷಾಧಿಕಾರಿ ‘ಕ್ಲೋಸ್’ ಗುಂಡಿ ಒತ್ತಿ, ಬಿದ್ದ ಮತಗಳ ಒಟ್ಟು ಸಂಖ್ಯೆಯನ್ನೂ ಮೊಹರುಗಳ ಸಂಖ್ಯೆಯನ್ನೂ ನಮೂನೆ 17ಸಿಯಲ್ಲಿ ಬರೆಯುತ್ತಾರೆ. ಅದರ ಪ್ರತಿಯನ್ನು ಅಲ್ಲಿರುವ ಪ್ರತಿ ಏಜೆಂಟರಿಗೆ ಕೊಡುವುದು ಅವರ ಕರ್ತವ್ಯ. ಎಷ್ಟೋ ಹುಡುಗರು ಬಸ್ಸಿಗೆ ಹೊತ್ತಾಯಿತೆಂದು ಅದನ್ನು ತೆಗೆದುಕೊಳ್ಳದೆ ಹೋಗುತ್ತಿದ್ದರು. ನೀವು ಹಾಗೆ ಮಾಡಬೇಡಿ. ಆ ಪ್ರತಿಯನ್ನು ನಿಮ್ಮ ಪಕ್ಷದ ಎಣಿಕೆ ಏಜೆಂಟರಿಗೆ ತಲುಪಿಸಿ. ಎಣಿಕೆಯ ಮೇಜಿನ ಮೇಲೆ ಯಂತ್ರ ತೋರಿಸುವ ಒಟ್ಟು ಮತ, ಹಸಿರು ಮೊಹರಿನ ಸಂಖ್ಯೆ ಎರಡನ್ನೂ ಅವರು ಅದರೊಂದಿಗೆ ತಾಳೆ ನೋಡಲಿ. ವ್ಯತ್ಯಾಸ ಕಂಡರೆ ಆ ಯಂತ್ರದ ಎಣಿಕೆ ಮುಂದುವರಿಯುವ ಮೊದಲೇ ಚುನಾವಣಾಧಿಕಾರಿಗೆ ಲಿಖಿತವಾಗಿ ಆಕ್ಷೇಪಣೆ ಕೊಡಬೇಕು.